ಅಪ್‌ಡೇಟ್: ಶಿಗರಾಕಿ ಸಾಕೆ ಬಟ್ಟಲು ಜಿನುಗುವುದು ನಿಂತಿತು

ಜಪಾನಿನ ಶಿಗರಾಕಿ ಊರಿನ ಶೈಲಿಯ ನನ್ನ ಹೊಸ ಗುಯಿನೊಮಿಯ (ಸಾಕೆ ಎಂಬ ಅಕ್ಕಿ ಮದ್ಯ ಕುಡಿಯುವ ಪುಟ್ಟ ಮಣ್ಣಿನ ಬಟ್ಟಲು) ತಳದಲ್ಲಿ ನೀರು ಜಿನುಗುತ್ತಿದೆ, ಬಿರುಕು ಬಿಟ್ಟಿದೆಯೇ ಎಂದು ಕೇಳಿದ್ದೆ. ಬಿರುಕಲ್ಲ. ಸೌದೆ ಗೂಡಿನಲ್ಲಿ ಬೂದಿ ಹಾರಿ ಕೂತ ಬದಿ ಮಾತ್ರ ಹಸಿರು ಗಾಜಿನಂತಾಗಿದೆ; ಬಿಳಿ ಫೆಲ್ಡ್‌ಸ್ಪಾರ್ ಹರಳು ಕಾಣುವ ಬರಿಮಣ್ಣಿನ ಬದಿ ನೀರು ಹೀರುತ್ತದೆ.

ಅಕ್ಕಿಯ ಗಂಜಿ ಅಂಶ ಆ ಮಣ್ಣಿನ ಸಣ್ಣ ರಂಧ್ರ ಮುಚ್ಚಲೆಂದು, ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಅಕ್ಕಿ ತೊಳೆದ ನೀರು ಬಟ್ಟಲು ಮುಳುಗುವಷ್ಟು ಹಾಕಿ, ತಣ್ಣಗಿರುವಾಗಲೇ ಒಲೆಗಿಟ್ಟು ಸಣ್ಣ ಉರಿಯಲ್ಲಿ 30 ನಿಮಿಷ ಕುದಿಸಿದೆ. ಆ ನೀರಲ್ಲೇ ಆರಬೇಕು, ಬಿಸಿಯಲ್ಲಿ ತೆಗೆದರೆ ಸೀಳಬಹುದು. ಆಮೇಲೂ ಕೆಳಗಿಟ್ಟ ಕಾಗದದಲ್ಲಿ ನಾಣ್ಯದಗಲ ಒದ್ದೆ ಉಳಿಯಿತು. ಎರಡನೇ ಸಲ ತೆಳು ಗಂಜಿಯಲ್ಲಿ ಕುದಿಸಿದ ಮೇಲೆ ರಾತ್ರಿಯಿಡೀ ಇಟ್ಟರೂ ಕಾಗದ ಒಣಗೇ ಇತ್ತು.

ಕಿರಿ ಎಂಬ ಜಪಾನಿ ಮರದ (ಪೌಲೋನಿಯಾ) ಪೆಟ್ಟಿಗೆಗೆ ಹಾಕುವ ಮೊದಲು ನಾಲ್ಕು ದಿನ ನೆರಳಲ್ಲಿ ಒಣಗಿಸಿ. ಒಳಗೆ ತೇವ ಉಳಿದರೆ ಗಂಜಿಗೆ ಬೂಷ್ಟು ಹಿಡಿಯುತ್ತದೆ.