ಸಹಾಯ ಬೇಕು: ಆನೊಡೈಸ್ ಮಾಡಿದ ಬಣ್ಣದ ರಿಂಗ್‌ಗಳು ಎಲ್ಲಿ ಸಿಗುತ್ತವೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ಮನೆಯಲ್ಲೇ ಕುಳಿತು ಚೈನ್‌ಮೇಲ್ (ಪುಟ್ಟ ಲೋಹದ ರಿಂಗ್‌ಗಳನ್ನು ಒಂದರೊಳಗೊಂದು ಕೋಯುವ ಕೆಲಸ) ಕೈಸರ, ಕಿವಿಯೋಲೆ ಹೆಣೆಯುತ್ತೇನೆ. ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ ಹಾಯಿಸಿ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆಸಿ ಬಣ್ಣ ಹಿಡಿಸಿದ ಅಲ್ಯೂಮಿನಿಯಂ ರಿಂಗ್‌ಗಳು ಬೇಕಾಗಿವೆ. ತಂತಿಯ ದಪ್ಪ 1.2 ಮಿ.ಮೀ., ಒಳವ್ಯಾಸ 4.2 ಮಿ.ಮೀ. ಬೈಜಾಂಟೈನ್ ಎಂಬ ಚೈನ್‌ಮೇಲ್ ಹೆಣಿಗೆಗೆ ಈ ಅಳತೆ ಹೊಂದುತ್ತದೆ. ಒಳವ್ಯಾಸ ಕಿರಿದಾದರೆ ರಿಂಗ್ ತೂರುವುದೇ ಇಲ್ಲ, ಹಿರಿದಾದರೆ ಸರ ಜೋಲುತ್ತದೆ.

ಈಚೆಗೆ ತರಿಸಿದವು ಬರೀ ಬಣ್ಣ ಬಳಿದವು. ಇಕ್ಕಳ ತಾಗಿದಲ್ಲೆಲ್ಲ ಚಕ್ಕೆ ಎದ್ದಿತು! ಆನೊಡೈಸ್ ಆದದ್ದರಲ್ಲಿ ಬಣ್ಣವು ಆಕ್ಸೈಡ್ ಪದರದ ಸೂಕ್ಷ್ಮ ರಂಧ್ರಗಳೊಳಗೆ ಇಳಿದಿರುತ್ತದೆ. ಕತ್ತರಿಸಿದ ನಂತರವೇ ಆನೊಡೈಸ್ ಮಾಡಿರಬೇಕು, ಇಲ್ಲದಿದ್ದರೆ ತುದಿಗಳಲ್ಲಿ ಬಿಳಿ ಲೋಹ ಇಣುಕುತ್ತದೆ.

ನವಿಲುನೀಲಿ, ಕುಂಕುಮಗೆಂಪು ತುರ್ತಾಗಿ ಬೇಕು, ಕಾಲು ಕಿಲೋದಷ್ಟು. ಮಂಗಳೂರು, ಕಣ್ಣೂರಿನಲ್ಲಿ ಸಿಕ್ಕಿದರೆ ನಾನೇ ಹೋಗುತ್ತೇನೆ. ಅಂಚೆಯಲ್ಲಿ ಕಳುಹಿಸುವ ಬೆಂಗಳೂರಿನ ಅಂಗಡಿಯಾದರೂ ಸರಿ. ಬಣ್ಣದ ಡಬ್ಬಿ ತಂದು ಬಳಿದುಕೊಳ್ಳಿ ಎನ್ನುವ ಸಲಹೆ ಮಾತ್ರ ಬೇಡ.