ಲ್ಯಾಪ್‌ಟಾಪ್ ಟಿವಿಗೆ ಹಚ್ಚಿದ್ರ ಅಕ್ಷರ ಮಸುಕ ಬರ್ತಾವ, ವೈರ್ ಬದಲಿ ಮಾಡ್ಬೇಕೇನ್ರಿ?

ಪ್ರಶ್ನೆ (ಆಳಂದ): ಸರ್, ಮಗಳು ಪಿಯು ಸೆಕೆಂಡ್ ಇಯರ್ ಅದಾಳ. ಕ್ಲಾಸಿನ ರೆಕಾರ್ಡಿಂಗ್ ಸಣ್ಣ ಸ್ಕ್ರೀನಿನಾಗ ನೋಡಿ ಕಣ್ಣ ನೋಯ್ತಾವ ಅಂದ್ಲು, ಅದಕ್ಕ 43 ಇಂಚಿನ ಫುಲ್ ಎಚ್‌ಡಿ ಟಿವಿಗೆ ಎಚ್‌ಡಿಎಂಐ ವೈರ್ ಹಚ್ಚಿ ಕೊಟ್ಟೀವಿ. ಚಿತ್ರ ಬರ್ತದ, ಆದ್ರ ಅಕ್ಷರ ಎಲ್ಲಾ ಮಸುಕ. ಕೆಳಗ ಟೈಮ್ ತೋರ್ಸೋ ಪಟ್ಟಿ ಅರ್ಧಾ ಕಟ್ಟಾಗ್ಯಾದ. ಲ್ಯಾಪ್‌ಟಾಪ್ ಹಳೇದು, ವಿಂಡೋಸ್ 10. ಅಂಗಡ್ಯಾವ್ರು ಗೋಲ್ಡ್ ಪ್ಲೇಟೆಡ್ ವೈರ್ ತಗೋರಿ ಅಂತಾರ. ತಗೋಬೇಕೇನ್ರಿ?

ಉತ್ತರ (ಟಿವಿ ರಿಪೇರಿ, ಕಲಬುರಗಿ): ಬ್ಯಾಡ್ರಿ ಅಕ್ಕಾರ, ರೊಕ್ಕ ಉಳಿಸ್ರಿ. ಎಚ್‌ಡಿಎಂಐ ಡಿಜಿಟಲ್. ಆ ವೈರ್ ಕೆಟ್ಟಿದ್ರ ಚುಕ್ಕಿ ಮಿಂಚ್ತಾವ, ನಡುನಡುವ ಸ್ಕ್ರೀನ್ ಕರ್ರಗಾಗ್ತದ, ಇಲ್ಲಾ ನೋ ಸಿಗ್ನಲ್ ಅಂತ ಬರ್ತದ. ಅಕ್ಷರ ಮಸುಕ ಮಾಡೋದು ಅದರ ಕೆಲಸಲ್ಲ. ಅಂಗಡ್ಯಾಗ ವೈರ್ ಮಾರೋದು ಸುಲಭ, ಸೆಟಿಂಗ್ ಹೇಳಿದ್ರ ಏನೂ ಸಿಗಂಗಿಲ್ಲ.

ಹಳೇ ಲ್ಯಾಪ್‌ಟಾಪ್ ಅಂದ್ರ ಸ್ಕ್ರೀನಿನ ಚುಕ್ಕಿ (ಪಿಕ್ಸೆಲ್) ಬಹಳಷ್ಟು 1366×768 ಇರ್ತಾವ. ಎರಡೂ ಸ್ಕ್ರೀನಿನಾಗ ಒಂದೇ ಚಿತ್ರ ಬರೋ ಡುಪ್ಲಿಕೇಟ್‌ನಾಗ ಇಟ್ರ ಟಿವಿಗೂ ಅಷ್ಟೇ ಹೋಗ್ತದ, ಅಂದಾಜು ಹತ್ತೂವರಿ ಲಕ್ಷ ಚುಕ್ಕಿ. ನಿಮ್ಮ ಟಿವಿದು 1920×1080, ಇಪ್ಪತ್ತು ಲಕ್ಷದ ಮ್ಯಾಲ. ಉಳಿದ ಚುಕ್ಕಿ ಟಿವಿ ತಾನೇ ಅಂದಾಜಿನ ಮ್ಯಾಲ ತುಂಬ್ತದ. ವಿಂಡೋಸ್ ಕೀ ಹಿಡ್ದು ಪಿ ಒತ್ರಿ, ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸ್ರಿ. ಆಮ್ಯಾಲ ಡಿಸ್‌ಪ್ಲೇ ಸೆಟಿಂಗ್‌ನಾಗ ರೆಸಲ್ಯೂಷನ್ (ಚುಕ್ಕಿ ಲೆಕ್ಕ) 1920×1080 ಮಾಡ್ರಿ. ಅಕ್ಷರ ಸಣ್ಣ ಆದ್ರ ರೆಸಲ್ಯೂಷನ್ ಇಳಿಸಬ್ಯಾಡ್ರಿ, ಅಲ್ಲೇ ಇರೋ ಸ್ಕೇಲ್ 125 ಇಲ್ಲಾ 150 ಮಾಡ್ರಿ.

ಪಟ್ಟಿ ಕಟ್ಟಾಗೋದಕ್ಕ ಓವರ್‌ಸ್ಕ್ಯಾನ್ ಅಂತಾರ. ಹಳೇ ಡಬ್ಬಾ ಟಿವಿ ಕಾಲದ ರೂಢಿ ಅದು, ಅಂಚಿನ ಗದ್ಲ ಕಾಣಬಾರ್ದಂತ ಚಿತ್ರ ಸ್ವಲ್ಪ ಹಿಗ್ಗಿಸ್ತಿದ್ರು. ಈಗಿನ ಕೆಲವು ಟಿವಿನೂ ಹಂಗೇ ಮಾಡ್ತಾವ. ಹಿಗ್ಗಿಸಿದ್ರ ಯಾವ ಚುಕ್ಕಿನೂ ತನ್ನ ಜಾಗದಾಗ ಕೂಡಂಗಿಲ್ಲ, ಅದಕ್ಕೂ ಅಕ್ಷರ ಮಸುಕಾಗ್ತಾವ. ರಿಮೋಟಿನಾಗ ಪಿಕ್ಚರ್ ಸೈಜ್ ಇಲ್ಲಾ ಆಸ್ಪೆಕ್ಟ್ ರೇಷಿಯೊ ತೆಗೀರಿ. ಕಂಪನಿ ಮ್ಯಾಲ ಹೆಸರು ಬ್ಯಾರೆ: ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್. ಕೆಳಗಿನ ಪಟ್ಟಿ ಪೂರ್ತಿ ಕಂಡ್ರ ಸರಿ ಆಯ್ತು.

ಪ್ರಶ್ನೆ (ಆಳಂದ): ಪಟ್ಟಿ ಪೂರ್ತಿ ಬಂತ್ರಿ ಸರ್, ಅಕ್ಷರ ಚಂದ ಆಗ್ಯಾವ. ಆದ್ರ ಕರೀ ಹಲಗಿ ಮ್ಯಾಲ ಕೆಂಪು ಅಕ್ಷರ ಬರ್ದ್ರ ಅಷ್ಟೇ ಹರಡ್ಕೊಂಡಂಗ ಕಾಣ್ತದ. ಪ್ರತಿ ಅಕ್ಷರದ ಸುತ್ತ ತೆಳ್ಳಗ ಬಿಳಿ ಗೆರಿನೂ ಅದ.

ಉತ್ತರ: ಬಿಳಿ ಗೆರಿ ಟಿವಿಯ ಶಾರ್ಪ್‌ನೆಸ್‌ದು. ಗೆರಿ ಹೋಗೋತನಕ ಇಳಸ್ರಿ. ಶಾರ್ಪ್‌ನೆಸ್ ಏರಿಸಿದ್ರ ಸ್ವಚ್ಛ ಕಾಣ್ತದಂತ ಬಹಳ ಮಂದಿ ತಿಳ್ಕೊಂಡಾರ, ಕಂಪ್ಯೂಟರ್ ಅಕ್ಷರಕ್ಕ ಅದು ಉಲ್ಟಾ.

ಕೆಂಪು ಹರಡೋದು ಟಿವಿ ಬಣ್ಣದ ಮಾಹಿತಿ ಕಡಿಮಿ ಮಾಡಿ ತೋರಿಸೋದ್ರಿಂದ. ಸಿನಿಮಾದಾಗ ಗೊತ್ತಾಗಂಗಿಲ್ಲ, ಅಕ್ಷರದಾಗ ಗೊತ್ತಾಗ್ತದ. ಬಹಳ ಟಿವಿಯಾಗ ಇನ್‌ಪುಟ್‌ಗೆ ಹೆಸರು ಕೊಡೋ ಜಾಗ ಇರ್ತದ. ಅಲ್ಲಿ ಪಿಸಿ ಅಂತ ಆರಿಸ್ರಿ, ಇಲ್ಲಾ ಪಿಕ್ಚರ್ ಮೋಡ್‌ನಾಗ ಗೇಮ್ ಮೋಡ್ ಹಾಕಿ ನೋಡ್ರಿ. ಅಷ್ಟಾದ್ರೂ ಕೆಂಪು ಹರಡಿದ್ರ ಆ ವಿಡಿಯೊದಾಗೇ ಹಂಗ ಅದ ಅಂತ, ವಿಡಿಯೊ ಮಾಡುವಾಗನೂ ಬಣ್ಣ ಕಡಿಮಿ ಮಾಡ್ತಾರ.

ಪ್ರಶ್ನೆ (ಬೀದರ್): ಅಣ್ಣಾ, ನಡುವ ಕೇಳ್ತೀನಿ. ನನ್ನದ್ರಾಗ ಅಕ್ಷರ ಚೊಲೊ ಅದಾವ, ಕರೀ ಬಣ್ಣ ಬೂದಿ ಬಣ್ಣ ಆಗ್ಯಾದ.

ಉತ್ತರ: ಕರಿಯಿಂದ ಬಿಳಿತನಕ 0ರಿಂದ 255 ಅಂತ ಒಂದು ಲೆಕ್ಕ, 16ರಿಂದ 235 ಅಂತ ಇನ್ನೊಂದು. ಲ್ಯಾಪ್‌ಟಾಪ್ ಒಂದು, ಟಿವಿ ಒಂದು ಹಿಡಿದಾವ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸೆಟಿಂಗ್‌ನಾಗ ರೇಂಜ್ ಫುಲ್ (0ರಿಂದ 255) ಮಾಡ್ರಿ, ಟಿವಿಯಾಗ ಬ್ಲ್ಯಾಕ್ ಲೆವೆಲ್ ಅದಕ್ಕ ಕೂಡ್ಸಿ ನೋಡ್ರಿ.

ಪ್ರಶ್ನೆ (ಆಳಂದ): ಪಿಸಿ ಮಾಡಿದ್ಮ್ಯಾಲ ಕೆಂಪು ಸರಿ ಆಯ್ತ್ರಿ. ಫಿಸಿಕ್ಸ್ ಕ್ಲಾಸಿನ ವಿಡಿಯೊ ಒಂದೇ ಇನ್ನೂ ಮಸುಕ.

ಉತ್ತರ: ವಿಡಿಯೊದ ಕ್ವಾಲಿಟಿ ಆಟೊದಾಗ ಇದ್ರ ನೆಟ್ ನಿಧಾನ ಆದಾಗ ಅದೇ ಇಳೀತದ. ಕೈಯಿಂದ 720 ಇಲ್ಲಾ 1080 ಇಡ್ರಿ. ಆ ಪಟ್ಟಿಯಾಗ 360ಕ್ಕಿಂತ ಮ್ಯಾಲ ಏನೂ ಇಲ್ಲಂದ್ರ ಮೇಷ್ಟ್ರು ರೆಕಾರ್ಡ್ ಮಾಡಿದ್ದೇ ಅಷ್ಟು, ಆ ಒಂದಕ್ಕ ನೋಟ್ಸ್ ಪಿಡಿಎಫ್ ಕೇಳ್ರಿ.