67ಕ್ಕೆ ಕೊನೆಯ ಕಾರು: ವರ್ಟಸ್ ಜಿಟಿ, ಹೈಕ್ರಾಸ್, ಇಲ್ಲ ಹಳೇ 3 ಸೀರೀಸ್?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವನು, ವಯಸ್ಸು 67, ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆಗಿದ್ದೇನೆ. ಬಹುಶಃ ಇದೇ ನಾನು ಕೊಳ್ಳುವ ಕೊನೆಯ ಕಾರು.

ಇಲ್ಲಿಯವರೆಗೆ ತಗೊಂಡಿದ್ದೆಲ್ಲ ಲೆಕ್ಕಾಚಾರದ ಗಾಡಿಗಳೇ. ಸೆಕೆಂಡ್ ಹ್ಯಾಂಡ್ ಪದ್ಮಿನಿ, ಆಮೇಲೆ ಮಾರುತಿ 800, ಆಮೇಲೆ ವ್ಯಾಗನ್ ಆರ್, ಈಗ ಡಿಜೈರ್. ಪ್ರತಿ ಸಲವೂ ಮೊದಲು ಕೇಳಿದ್ದು ಮೈಲೇಜ್ ಎಷ್ಟು ಅಂತ, ಆಮೇಲೆ ಮಾರುವಾಗ ಎಷ್ಟು ಬರುತ್ತೆ ಅಂತ. ಈ ಸಲ ಅವೆರಡನ್ನೂ ಕೇಳಲ್ಲ. ಮಕ್ಕಳು ಅವರವರ ಪಾಡಿಗೆ ಚೆನ್ನಾಗಿದ್ದಾರೆ, ಸಾಲ ಇಲ್ಲ, ಪೆನ್ಷನ್ ಬರುತ್ತೆ. ಗಾಡಿಗೆ ಅಂತ 25 ಲಕ್ಷ ಎತ್ತಿಟ್ಟಿದ್ದೇನೆ. ತೀರಾ ಮನಸ್ಸಿಗೆ ಬಂದರೆ ಇನ್ನೆರಡು ಮೂರು ಲಕ್ಷ ಹಾಕಬಹುದು.

ಓಡಾಟ ಇಷ್ಟೇ: ದಿನಾ ಪೇಟೆ ಕೆಲಸ, ಆಗಾಗ ತೀರ್ಥಹಳ್ಳಿ ಹತ್ತಿರ ತಮ್ಮನ ತೋಟ, ಆಗುಂಬೆ ಇಳಿದು ಉಡುಪಿ, ಅಪರೂಪಕ್ಕೆ ಬೆಂಗಳೂರು. ಗಾಜನೂರು ದಾಟಿದ ಮೇಲೆ ಸಕ್ರೆಬೈಲು, ಮಂಡಗದ್ದೆ ಅಂತ ಹೊಳೆ ಪಕ್ಕದಲ್ಲೇ ಹೋಗುವ ರಸ್ತೆ ಇದೆಯಲ್ಲ, ಅಲ್ಲಿ ಬೆಳಿಗ್ಗೆ ಬೇಗ ಗಾಡಿ ಓಡಿಸೋದು ನನಗಿರುವ ಒಂದೇ ಚಟ. ಹಿಂದೆ ಯಾವುದೋ ಮದುವೆಗೆ ಹೋದಾಗ ಸ್ನೇಹಿತರ ಮಗ ತನ್ನ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಕೊಟ್ಟು ಒಂದು ರೌಂಡ್ ಹೋಗಿ ಬನ್ನಿ ಅಂಕಲ್ ಅಂದ. ಎರಡನೇ ತಿರುವಿನಲ್ಲೇ ತಲೆ ಕೆಟ್ಟಿತು. ಅವತ್ತಿನಿಂದ ಡಿಜೈರ್ ಓಡಿಸುವಾಗೆಲ್ಲ ಅದೇ ನೆನಪು.

ಮಗ ಸುಮ್ನೆ ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಗೊಳ್ಳಿ ಅಂತಾನೆ. ಭಾವಮೈದ ಅದೇ ದುಡ್ಡಿಗೆ ಐದು ವರ್ಷ ಹಳೆಯ ಬಿಎಂಡಬ್ಲ್ಯೂ 3 ಸೀರೀಸ್ ಬರುತ್ತೆ, ಜೀವನದಲ್ಲಿ ಒಂದು ಸಲ ಅದನ್ನ ಓಡಿಸು ಅಂತಾನೆ. ಹೆಂಡತಿಗೆ ಎಡಮಂಡಿ ನೋವು, ಅವಳು ಇನ್ನೂ ಬಾಯಿ ಬಿಟ್ಟಿಲ್ಲ. ಅನುಭವ ಇರುವವರು ಹೇಳಿ. ಈ ವಯಸ್ಸಿನಲ್ಲಿ 150 ಪಿಎಸ್ ಶಕ್ತಿಯ ಗಾಡಿ ತಗೊಳ್ಳೋದು ಹುಚ್ಚಾ?

ಕಾರ್ಕಳದವ

ಹುಚ್ಚು ಅಲ್ಲ ಸಾರ್, ತಡ ಆಯ್ತು ಅಷ್ಟೇ 😄

ನನ್ನ ಹತ್ತಿರ ಇರೋದು ಅದೇ ಗಾಡಿ, 1.5 ಟಿಎಸ್‌ಐ ಡಿಎಸ್‌ಜಿ, ಅಂದರೆ 1.5 ಲೀಟರ್ ಟರ್ಬೋ ಪೆಟ್ರೋಲ್ ಇಂಜಿನ್, ಆಟೋಮ್ಯಾಟಿಕ್ ಗೇರ್. ಆಗುಂಬೆ ನನಗೆ ಮನೆ ಅಂಗಳ ಇದ್ದ ಹಾಗೆ. 150 ಪಿಎಸ್ ಅನ್ನೋ ನಂಬರ್ ನೋಡಿ ಹೆದರಬೇಡಿ, ನಿಮಗೆ ಖುಷಿ ಕೊಡೋದು ಅದಲ್ಲ, 250 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಅದೂ 1600 ಆರ್‌ಪಿಎಂಗೇ ಸಿಗುತ್ತೆ. ಸೋಮೇಶ್ವರದಿಂದ ಮೇಲೆ ಹತ್ತುವಾಗ 14 ಹೇರ್‌ಪಿನ್ ತಿರುವಲ್ಲಿ ಒಂದರಲ್ಲೂ ಇಂಜಿನ್ ಕಿರುಚಲ್ಲ. ತಿರುವಿನಿಂದ ಹೊರಗೆ ಬರುವಾಗ ಕಾಲು ಸ್ವಲ್ಪ ಇಟ್ಟರೆ ಸಾಕು, ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹೋಗುತ್ತೆ. ನೇರ ರಸ್ತೆಯಲ್ಲಿ ಆರಾಮಾಗಿ ಹೋಗ್ತಿದ್ದರೆ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ಸುಮ್ಮನಾಗುತ್ತೆ, ಹಾಗಾಗಿ ಪೆಟ್ರೋಲ್ ಕೂಡ ನೀವು ಅಂದುಕೊಂಡಷ್ಟು ಕುಡಿಯಲ್ಲ.

ಒಂದು ವಿಷಯ ಮಾತ್ರ ತಿಳ್ಕೊಂಡಿರಿ. ಇದರಲ್ಲಿರುವ ಏಳು ಸ್ಪೀಡ್ ಗೇರ್‌ಬಾಕ್ಸ್ ಡ್ರೈ ಕ್ಲಚ್, ತಣ್ಣಗಿಡೋಕೆ ಸುತ್ತ ಎಣ್ಣೆ ಇರಲ್ಲ. ಬೆಂಗಳೂರಿಗೆ ಹೋದಾಗ ಗೊರಗುಂಟೆಪಾಳ್ಯದ ಹತ್ತಿರ ಸಿಕ್ಕಿಹಾಕಿಕೊಂಡರೆ ಇಂಚಿಂಚು ತೆವಳಿಸಬೇಡಿ, ಕ್ಲಚ್ ಅರ್ಧ ಹಿಡಿದು ಅರ್ಧ ಜಾರಿ ಬಿಸಿ ಆಗುತ್ತೆ. ಬ್ರೇಕ್ ಒತ್ತಿ ನಿಂತುಬಿಡಿ, ಮುಂದೆ ಒಂದು ಗಾಡಿ ಜಾಗ ಆದಮೇಲೆ ಬಿಡಿ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ. ಶಿವಮೊಗ್ಗದಲ್ಲಿ ಇರೋರಿಗೆ ಇದು ತಲೆನೋವೇ ಅಲ್ಲ. ಘಾಟಿ ಇಳಿಯುವಾಗ ಪ್ಯಾಡಲ್‌ನಲ್ಲಿ ಎರಡನೇ ಗೇರಿಗೆ ಹಾಕ್ಕೊಳ್ಳಿ, ಬ್ರೇಕ್ ಮೇಲೆ ಭಾರ ಹಾಕಬೇಡಿ.

ಲೆಕ್ಕದ ಪುಸ್ತಕ

ಎಲ್ಲರೂ ತಗೊಳ್ಳಿ ತಗೊಳ್ಳಿ ಅಂತೀರಿ, ನಾನು ಬೇಡ ಅಂತೀನಿ, ಬೇಜಾರು ಮಾಡ್ಕೋಬೇಡಿ. 67ಕ್ಕೆ 25 ಲಕ್ಷ ಅಂದರೆ ಸಣ್ಣ ದುಡ್ಡಲ್ಲ. ಡಿಜೈರ್ ಇದೆ, ದೂರ ಹೋಗಬೇಕಾದಾಗ ಡ್ರೈವರ್ ಸಮೇತ ಗಾಡಿ ಕರೆಸಿದರೆ ಆಯ್ತು. ಎಫ್‌ಡಿ ಬಡ್ಡಿಯಲ್ಲೇ ಅದು ನಡೆಯುತ್ತೆ.

ಆದರೂ ತಗೊಳ್ಳೋದೇ ಅಂತ ಆದರೆ ತೆರಿಗೆ ನೋಡ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಗಾಡಿಗೆ ಜಿಎಸ್‌ಟಿ ಶೇ. 18, ನೀವು ಹೇಳಿದ ದೊಡ್ಡ ಪೆಟ್ರೋಲ್ ಗಾಡಿಗೆ ಶೇ. 40. ಅದು ಬೆಲೆಯಲ್ಲೇ ಸೇರಿರುತ್ತೆ ಬಿಡಿ. ಅದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 10ರಿಂದ 20 ಲಕ್ಷದ ಗಾಡಿಗೆ ಶೇ. 17, 20 ದಾಟಿದರೆ ಶೇ. 18, ಮೇಲೆ ಸೆಸ್. 19 ಲಕ್ಷದ ಗಾಡಿ ಅಂದರೆ ಸೆಸ್ ಬಿಟ್ಟೇ ಸುಮಾರು ಮೂರೂಕಾಲು ಲಕ್ಷ ಬರೀ ಟ್ಯಾಕ್ಸ್‌ಗೇ ಹೋಯ್ತು. ಹೈಕ್ರಾಸ್ ಹೈಬ್ರಿಡ್‌ನ ಮೇಲಿನ ಮಾಡೆಲ್ ಆಸೆ ಬಿಡಿ, ಆನ್‌ರೋಡ್ 30 ಲಕ್ಷ ದಾಟುತ್ತೆ. 10 ಲಕ್ಷ ಮೀರಿದ ಗಾಡಿಗೆ ಶೇ. 1 ಟಿಸಿಎಸ್ ಅಂತ ಇನ್‌ಕಮ್ ಟ್ಯಾಕ್ಸ್ ಮುಂಗಡವಾಗಿ ಹಿಡೀತಾರೆ, ಅದು ಮಾತ್ರ ರಿಟರ್ನ್ಸ್ ಹಾಕುವಾಗ ವಾಪಸ್ ಸಿಗುತ್ತೆ, ಮರೀಬೇಡಿ.

ಹುಬ್ಬಳ್ಳಿ ವರ್ಕ್‌ಶಾಪ್

ಸರ್, ನಿಮ್ಮ ಭಾವಮೈದನಿಗೆ ನನ್ನ ನಮಸ್ಕಾರ ಹೇಳಿ, ನಮ್ಮಂಥವರ ಹೊಟ್ಟೆ ತುಂಬೋದು ಅಂಥವರಿಂದಲೇ.

ಯಾವ ಕಂಪನಿ ಅಂತ ಹೇಳಲ್ಲ, ಆ ದರ್ಜೆಯ ಎಲ್ಲ ಲಕ್ಷುರಿ ಗಾಡಿಗೂ ಸೇರಿಸಿ ಹೇಳ್ತೀನಿ. ಗಾಡಿ ಹಳೇದಾದರೆ ಅದರ ಬೆಲೆ ಕಮ್ಮಿ ಆಗುತ್ತೆ ನೋಡ್ರಿ, ಪಾರ್ಟ್ಸ್ ಬೆಲೆ ಕಮ್ಮಿ ಆಗಲ್ಲ. 60 ಲಕ್ಷದ ಗಾಡಿ 25ಕ್ಕೆ ಸಿಕ್ಕಿತು ಅಂತ ಖುಷಿ ಪಡ್ತೀರಿ, ಹೆಡ್‌ಲೈಟ್ ಒಡೆದಾಗ ಬರೋ ಬಿಲ್ಲು 60 ಲಕ್ಷದ ಗಾಡೀದೇ. ಐದು ವರ್ಷ ಅಂದರೆ ರಬ್ಬರು ಪ್ಲಾಸ್ಟಿಕ್ಕು ಒಣಗಿ ಬಿರುಕು ಬಿಡುವ ಟೈಮು. ಬುಷ್, ಕೂಲಂಟ್ ಪೈಪು, ಆಯಿಲ್ ಸೀಲು ಒಂದಾದ ಮೇಲೆ ಒಂದು ಕೈ ಎತ್ತುತ್ತವೆ. ನಮ್ಮ ರಸ್ತೆ ಹಂಪುಗಳಿಗೆ ಚಕ್ರ ಹಿಡಿದಿರೋ ಕೆಳಗಿನ ಆರ್ಮ್‌ಗಳೂ ಹೋಗ್ತವೆ. ಮತ್ತೊಂದು, ಇವುಗಳಲ್ಲಿ ಬಹಳಷ್ಟಕ್ಕೆ ರನ್‌ಫ್ಲಾಟ್ ಟೈರು. ಪಂಕ್ಚರ್ ಆದರೂ ಸುಮಾರು 80 ಕಿಮೀ ನಿಧಾನಕ್ಕೆ ಓಡಿಸಬಹುದು ಅನ್ನೋದು ನಿಜ. ಆದರೆ ಸೈಡ್‌ವಾಲ್ ಸೀಳಿ ಹೋದರೆ ಅದೂ ಇಲ್ಲ, ಡಿಕ್ಕಿಯಲ್ಲಿ ಸ್ಟೆಪ್ನೀನೂ ಇರಲ್ಲ. ಸಂಜೆ ಹೊತ್ತು ಹುಲಿಕಲ್ ಘಾಟಿಯಲ್ಲಿ, ಮಳೆಯಲ್ಲಿ, ಮಂಡಿ ನೋವಿನ ಅಮ್ಮನ್ನ ಕೂರಿಸಿಕೊಂಡು ಟೋಯಿಂಗ್ ಗಾಡಿಗೆ ಕಾಯ್ತೀರಾ?

ಹಳೇದೇ ಬೇಕು ಅಂತಿದ್ದರೆ ಸ್ಕೋಡಾ ಆಕ್ಟೇವಿಯಾ 2.0 ಪೆಟ್ರೋಲ್ ನೋಡ್ರಿ, 2021ರಿಂದ 2023ರವರೆಗೆ ಬಂದಿದ್ದು. 190 ಪಿಎಸ್, ಗೇರ್‌ಬಾಕ್ಸ್ ವೆಟ್ ಕ್ಲಚ್, ಎಣ್ಣೆಯಲ್ಲೇ ಮುಳುಗಿರುತ್ತೆ, ಬಿಸಿಯ ತೊಂದರೆ ಕಮ್ಮಿ. ಸರ್ವೀಸ್ ಹಿಸ್ಟರಿ ಪೂರ್ತಿ ಸಿಕ್ಕರೆ ಮಾತ್ರ ಮುಟ್ಟಿ. ಬರೀ ಪಾಲಿಶ್ ಹೊಳೆಯೋದು ನೋಡಿ ಅಡ್ವಾನ್ಸ್ ಕೊಡಬೇಡಿ.

ಮೈಸೂರಿನ ಸೀತಮ್ಮ

ಮೇಷ್ಟ್ರೇ, ಇಲ್ಲಿ ಎಲ್ಲ ಗಂಡಸರೂ ಇಂಜಿನ್ ಬಗ್ಗೆನೇ ಬರೆದಿದ್ದಾರೆ. ನನಗೆ 71. ಈಗಲೂ ಗಾಡಿ ನಾನೇ ಓಡಿಸ್ತೀನಿ, ಎರಡೂ ಮಂಡಿ ಆಪರೇಷನ್ ಆಗಿದೆ.

ಶೋರೂಮಿಗೆ ಹೋದಾಗ ಮೊದಲು ನಿಮ್ಮ ಮನೆಯವರನ್ನ ಹತ್ತಿಸಿ ಇಳಿಸಿ ನೋಡಿ. ಒಂದು ಸಲ ಅಲ್ಲ, ಐದಾರು ಸಲ. ಮೊದಲನೇ ಸಲ ಎಲ್ಲರೂ ನಾಚಿಕೆಗೆ ಚೆನ್ನಾಗಿದೆ ಅಂತಾರೆ. ಸೀಟು ಸೊಂಟದ ಎತ್ತರಕ್ಕೆ ಇದ್ದರೆ ಸುಮ್ನೆ ಪಕ್ಕಕ್ಕೆ ಸರಿದು ಕೂತ ಹಾಗೆ. ಅದಕ್ಕಿಂತ ಕೆಳಗೆ ಇದ್ದರೆ ಏಳುವಾಗ ಇಡೀ ಭಾರ ಮಂಡಿಗೆ, ಮೇಲೆ ಇದ್ದರೆ ಹತ್ತುವಾಗ ಒಂದೇ ಕಾಲಿಗೆ. ಹಾಗಾಗಿ ಎತ್ತರದ ಗಾಡಿ ಎಲ್ಲ ವಯಸ್ಸಾದವರಿಗೆ ಒಳ್ಳೇದು ಅನ್ನೋದೂ ಸುಳ್ಳು, ಥಾರ್ ಹತ್ತಿ ನೋಡಿ ಗೊತ್ತಾಗುತ್ತೆ. ಕೆಳಗಿನ ಸೀಟಾದರೆ ಒಂದು ಉಪಾಯ ಇದೆ. ಬಾಗಿಲು ಪೂರ್ತಿ ತೆಗೆದು, ಬೆನ್ನು ಸೀಟಿನ ಕಡೆಗೆ ಮಾಡಿ ಮೊದಲು ಕೂತುಬಿಡಬೇಕು, ಆಮೇಲೆ ಎರಡೂ ಕಾಲನ್ನ ಒಟ್ಟಿಗೆ ಒಳಗೆ ತಗೋಬೇಕು. ಇಳಿಯುವಾಗಲೂ ಹಾಗೇ, ಎರಡೂ ಪಾದ ಹೊರಗೆ ನೆಲಕ್ಕೆ ಊರಿ ಆಮೇಲೆ ಏಳಬೇಕು. ನನಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು ಇದು. ಸೀಟ್ ಹೈಟ್ ಅಡ್ಜಸ್ಟ್ ನಿಮ್ಮ ಕಡೆ ಮಾತ್ರ ಇದೆಯಾ, ಅವರ ಕಡೆಯೂ ಇದೆಯಾ ಅಂತ ಕೇಳಿ. ಗಂಡಸರು ಇದನ್ನ ಕೇಳೋದೇ ಇಲ್ಲ.

ಮತ್ತೆ ಕಣ್ಣು. ಪೊರೆ ಶುರುವಾಗಿದ್ದರೆ ಗಾಡಿ ಬುಕ್ ಮಾಡುವ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಪೊರೆ ಆಪರೇಷನ್‌ನಲ್ಲಿ ಮಲ್ಟಿಫೋಕಲ್ ಲೆನ್ಸ್ (ದೂರ, ಹತ್ತಿರ ಎರಡಕ್ಕೂ ಆಗೋದು) ಹಾಕಿಸಿಕೊಂಡ ಕೆಲವರಿಗೆ ರಾತ್ರಿ ಎದುರಿನ ಲೈಟ್ ಸುತ್ತ ಉಂಗುರ ಕಾಣುತ್ತೆ, ರಾತ್ರಿ ಓಡಿಸ್ತೀನಿ ಅಂತ ಮೊದಲೇ ಹೇಳಿದರೆ ಅವರು ಅದಕ್ಕೆ ತಕ್ಕ ಹಾಗೆ ನೋಡ್ತಾರೆ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ರಿನ್ಯೂ ಆಗೋದು, ಫಾರ್ಮ್ 1ಎ ಮೆಡಿಕಲ್ ಸರ್ಟಿಫಿಕೇಟ್ ಬೇಕು. ನಿಮ್ಮದು ಯಾವಾಗ ಮುಗಿಯುತ್ತೆ ಅಂತ ಇವತ್ತೇ ನೋಡಿ.

ಡ್ರೈವರ್ ಇಟ್ಟುಕೊಳ್ಳಿ ಅಂದ ಲೆಕ್ಕದ ಪುಸ್ತಕದವರಿಗೆ ಒಂದು ಮಾತು: ಇವರಿಗೆ ಊರು ಸೇರೋದು ಮುಖ್ಯ ಅಲ್ಲ ಅಂತ ಮೊದಲೇ ಬರೆದಿದ್ದಾರೆ, ಸರಿಯಾಗಿ ಓದಿ.

ಕೋಲಾರ ಕಾರ್ತಿಕ್

ಮಗನ ಕಡೆಯಿಂದ ಒಂದು ಮಾತು. ನಮ್ಮ ಅಪ್ಪನಿಗೂ ಇದೇ ಆಸೆ ಇತ್ತು, ನಾನೂ ಹೈಕ್ರಾಸ್ ಅಂದಿದ್ದೆ. ಹೈಕ್ರಾಸ್ ಕೆಟ್ಟ ಗಾಡಿ ಅಲ್ಲವೇ ಅಲ್ಲ, ಸಿಟಿಯಲ್ಲಿ ಸದ್ದೇ ಇಲ್ಲದೆ ಬ್ಯಾಟರಿ ಮೇಲೆ ಹೋಗುತ್ತೆ, ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಮೀ ವಾರಂಟಿ, ಮೊಮ್ಮಕ್ಕಳು ಬಂದಾಗ ಎಲ್ಲರೂ ಒಟ್ಟಿಗೆ ಹೋಗಬಹುದು. ಆದರೆ ಮೊಮ್ಮಕ್ಕಳು ಬರೋದು ಬೇಸಿಗೆ ರಜೆಗೆ. ಉಳಿದ ದಿನ ಇಬ್ಬರೇ ಅಷ್ಟು ದೊಡ್ಡ ಗಾಡಿಯಲ್ಲಿ ತರಕಾರಿ ತರೋಕೆ ಹೋಗಿ ಪಾರ್ಕಿಂಗ್ ಹುಡುಕ್ತಿರ್ತಾರೆ. ಅಪ್ಪ ಅಮ್ಮನಿಗೆ ಗಾಡಿ ಹೇಳುವಾಗ ನಾವು ನಮ್ಮ ರಜೆ ನೆನೆಸಿಕೊಂಡು ಹೇಳ್ತೀವಿ, ಅದು ನಿಜ.

ಇನ್ನೊಂದು, ಮಾತು ಸ್ವಲ್ಪ ಕಹಿ ಅನ್ನಿಸಬಹುದು, ಆದರೆ ಕೊನೆಯ ಕಾರು ಅಂತ ನೀವೇ ಅಂದಿದ್ದಕ್ಕೆ ಹೇಳ್ತೀನಿ. ಆರ್‌ಸಿಗೆ ನಾಮಿನಿ ಹೆಸರು ಸೇರಿಸಬಹುದು, 2021ರಲ್ಲಿ ನಿಯಮ ತಂದಿದ್ದಾರೆ. ರಿಜಿಸ್ಟ್ರೇಷನ್ ಟೈಮಲ್ಲೇ ಅಮ್ಮನ ಹೆಸರು ಹಾಕಿಸಿಬಿಡಿ. ಇಲ್ಲದಿದ್ದರೆ ವಾರಸುದಾರರ ಕಾಗದ ಪತ್ರ ಅಂತ ಆರ್‌ಟಿಒಗೆ ಅಲೆಯೋದು ಇದೆಯಲ್ಲ, ಆ ಹೊತ್ತಲ್ಲಿ ಯಾರಿಗೂ ಬೇಡ ಅದು.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಇಬ್ಬರೂ ಹೋಗಿ ಎರಡೂ ಹೊಸ ಗಾಡಿ ನೋಡಿ ಬಂದೆವು. 3 ಸೀರೀಸ್ ವಿಷಯ ವರ್ಕ್‌ಶಾಪ್‌ನವರ ಉತ್ತರ ಓದಿದ ದಿನವೇ ಮುಗಿಯಿತು, ಭಾವಮೈದನಿಗೂ ಓದಿಸಿದೆ, ನಿನ್ನ ದುಡ್ಡು ನಿನ್ನ ಇಷ್ಟ ಅಂದ.

ಹೈಕ್ರಾಸ್‌ಗೆ ನಮ್ಮವಳು ಸಲೀಸಾಗಿ ಹತ್ತಿ ಕೂತಳು, ಒಂದು ಮಾತೂ ಇಲ್ಲ. ನಾನು ಸರಿ ಇದೇ ಆಯ್ತು ಅಂದುಕೊಂಡೆ. ಇಳಿದು ಬಂದು, ಚೆನ್ನಾಗೇನೋ ಇದೆ, ಆದರೆ ಮದುವೆ ದಿಬ್ಬಣದವರೆಲ್ಲ ಹತ್ತೋಕೆ ಬಾಕಿ ಅನ್ನಿಸುತ್ತೆ, ಇಬ್ಬರಿಗೆ ಯಾಕ್ರೀ ಇದು ಅಂದಳು. ವರ್ಟಸ್‌ನಲ್ಲಿ ಮೊದಲ ಸಲ ಕಷ್ಟ ಆಯ್ತು, ಅಯ್ಯೋ ಅಂದದ್ದು ಸೇಲ್ಸ್ ಹುಡುಗನಿಗೂ ಕೇಳಿಸಿತು. ಆಮೇಲೆ ಸೀತಮ್ಮನವರು ಹೇಳಿದ ಹಾಗೆ ಬೆನ್ನು ಮಾಡಿ ಕೂತು ಕಾಲು ಒಳಗೆ ತಗೊಂಡಳು, ಪರವಾಗಿಲ್ಲ ಅಂದಳು, ಮತ್ತೆ ಮತ್ತೆ ಮಾಡಿಸಿದೆ. ಆ ಹುಡುಗ ಪಾಪ ಸುಮ್ಮನೆ ನಿಂತಿದ್ದ. ಅವಳ ಸೀಟನ್ನೂ ಎಷ್ಟಾಗುತ್ತೋ ಅಷ್ಟು ಎತ್ತರಿಸಿ ನೋಡಿದೆವು, ಮೇಲೊಂದು ಗಟ್ಟಿ ದಿಂಬು ಹಾಕಿಕೊಂಡರೆ ಆಗುತ್ತೆ ಅಂತ ಅವಳೇ ಹೇಳಿದಳು. ತಣ್ಣನೆ ಗಾಳಿ ಬರುವ ಸೀಟ್ ಅವಳಿಗೆ ತುಂಬಾ ಹಿಡಿಸಿದೆ. ಇಂಜಿನ್ ಬಗ್ಗೆ ಮಾತ್ರ ಒಂದೇ ಷರತ್ತು, ಕಾಫಿ ಚೆಲ್ಲಬಾರದಂತೆ.

ಕಣ್ಣಿನ ಡಾಕ್ಟರ ಹತ್ತಿರ ಮುಂದಿನ ವಾರ ಹೋಗ್ತಿದ್ದೇನೆ. ಅದಾದ ಮೇಲೆ ಬುಕಿಂಗ್. ಲೆಕ್ಕದ ಪುಸ್ತಕದವರೇ, ನೀವು ಹೇಳಿದ್ದೂ ಸರಿಯೇ, ದುಡ್ಡಿನ ಲೆಕ್ಕ ಬರೆದಿಟ್ಟುಕೊಂಡೇ ಮಾಡ್ತಿದ್ದೇನೆ. ಡೆಲಿವರಿ ಟೈಮಲ್ಲಿ ಏನೇನು ನೋಡಬೇಕು ಹೇಳ್ತೀರಾ?

ಹುಬ್ಬಳ್ಳಿ ವರ್ಕ್‌ಶಾಪ್

ರಿಜಿಸ್ಟ್ರೇಷನ್‌ಗೆ ಮುಂಚೆ ಗಾಡಿ ತೋರಿಸಿ ಅಂತ ಹಟ ಹಿಡೀರಿ ಸರ್, ನಂಬರ್ ಆದಮೇಲೆ ನೋಡಿ ಉಪಯೋಗ ಇಲ್ಲ. ಹಗಲು ಬೆಳಕಲ್ಲಿ ನೋಡ್ರಿ, ಶೋರೂಮ್ ಲೈಟಲ್ಲಿ ಗೀರು ಕಾಣಲ್ಲ. ಗಾಡಿ ತಯಾರಾದ ತಿಂಗಳು ಕೇಳಿ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಐದೂ ಟೈರಿನದು ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಬೇರೆ ಇದ್ದರೆ ಯಾಕೆ ಅಂತ ಕೇಳಿ. ಗಾಜುಗಳ ಮೂಲೆಯಲ್ಲಿರೋ ಗುರುತೂ ಹಾಗೇ. ಓಡೋಮೀಟರ್ ಫೋಟೋ ಹೊಡ್ಕೊಳ್ಳಿ. ಇನ್ಶೂರೆನ್ಸ್‌ನಲ್ಲಿ ಜೀರೋ ಡೆಪ್ (ಪಾರ್ಟ್ಸ್ ಹಳೇದಾಯ್ತು ಅಂತ ಕ್ಲೇಮ್ ಕಡಿತ ಮಾಡಲ್ಲ) ಜೊತೆ ರಿಟರ್ನ್ ಟು ಇನ್‌ವಾಯ್ಸ್ (ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ ಬಿಲ್ಲಿನ ಬೆಲೆ ಸಿಗುತ್ತೆ) ಹಾಕಿಸಿ, ಬೇರೆ ಆ್ಯಡ್ ಆನ್ ಏನೇ ಹೇಳಿದರೂ ಮನೆಗೆ ಬಂದು ಯೋಚನೆ ಮಾಡಿ. ಸೆರಾಮಿಕ್ ಕೋಟಿಂಗ್ ಅಂತ ಅಲ್ಲೇ ಬಿಲ್ಲಿಗೆ ಸೇರಿಸ್ತಾರೆ, ತೆಗೆಸಿ.

ಕಾರ್ಕಳದವ

ಆಗುಂಬೆ ಇಳಿದು ಬರುವಾಗ ಮೆಸೇಜ್ ಹಾಕಿ ಸಾರ್, ಹೆಬ್ರಿಯಲ್ಲಿ ಸಿಕ್ತೀನಿ. ಗೋಳಿಬಜೆ ನಂದು.